ಕ್ಲಚ್ ಕೈಕೊಟ್ಟಾಗ ಮಾತ್ರ

ಕ್ಲಚ್ ತುಳಿಯದೆ ಗೇರ್ ಬದಲಿಸುವುದು ಮಹಾವಿದ್ಯೆಯೇನಲ್ಲ. ವಡೋದರದ ಆರ್.ಸಿ. ದತ್ತ ರಸ್ತೆಯಲ್ಲಿ ಪಕ್ಕದ ಸೀಟಿನವರಿಗೆ ತೋರಿಸಲೆಂದೇ ಹೀಗೆ ಮಾಡುವ ಹುಡುಗರಿದ್ದಾರೆ. ಕೇಳಿದರೆ ‘ಕ್ಲಚ್ ಪ್ಲೇಟ್ ಉಳಿಯುತ್ತೆ ಅಂಕಲ್’ ಎಂದು ಲೆಕ್ಕ ಒಪ್ಪಿಸುತ್ತಾರೆ. ಗುಜರಾತಿನಲ್ಲಿ ಉಳಿತಾಯದ ಮಾತಿಗೆ ಎದುರಾಡುವುದು ಕಷ್ಟ. ಆದರೂ ಈ ಲೆಕ್ಕ ತಲೆಕೆಳಗು. ಪ್ಲೇಟ್ ಇರುವುದೇ ಸವೆಯಲಿಕ್ಕೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಿದರೆ ಸಾಕು. ಕ್ಲಚ್ ಇಲ್ಲದೆ ನೂಕಿ, ಒಳಗೆ ಗೇರುಗಳ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ಹಾಳಾದರೆ ಗೇರ್‌ಬಾಕ್ಸನ್ನೇ ಬಿಚ್ಚಿ ಹರಡಬೇಕು.

ಹಾಗೆಂದು ಇದನ್ನು ಕಲಿಯಲೇಬಾರದೆ? ಪ್ರತಿ ಡ್ರೈವಿಂಗ್ ಸ್ಕೂಲೂ ಒಂದು ದಿನ ಇದನ್ನು ಕಲಿಸಲೇಬೇಕು ಎಂಬುದು ನನ್ನ ವಾದ.

ಅಹಮದಾಬಾದ್–ವಡೋದರ ಎಕ್ಸ್‌ಪ್ರೆಸ್‌ವೇ 93 ಕಿಲೋಮೀಟರ್. ಹಳೆಯ ಹೆದ್ದಾರಿಯ ಬದಿಯಲ್ಲಿದ್ದ ಹಾಗೆ ಅಲ್ಲಿ ಮೆಕ್ಯಾನಿಕ್ ಅಂಗಡಿಗಳ ಸಾಲಿಲ್ಲ. ಒಂದು ರಾತ್ರಿ ನಡಿಯಾದ್ ದಾಟಿದ ಮೇಲೆ ನನ್ನ ಕಾರಿನ ಕ್ಲಚ್ ವೈರ್ ಟಪ್ ಎಂದಿತು. ಪೆಡಲ್ ಜೀವವಿಲ್ಲದೆ ನೆಲಕ್ಕೆ ಬಿತ್ತು. ಐದನೇ ಗೇರಿನಲ್ಲಿದ್ದೆ. ಹಿಂದೆ ಲಾರಿಗಳ ಸಾಲು. ಬದಿಗೆ ನಿಲ್ಲಿಸಿ ಕತ್ತಲಲ್ಲಿ ಕೂರುವುದಕ್ಕಿಂತ ಆಣಂದ್ ಎಕ್ಸಿಟ್‌ವರೆಗೆ ಹೋಗುವುದೇ ಮೇಲೆನಿಸಿತು.

ನೆರವಿಗೆ ಬಂದದ್ದು ಹುಬ್ಬಳ್ಳಿಯಲ್ಲಿ ಲಾರಿ ಹೊಡೆಯುತ್ತಿದ್ದ ಕಾಕಾನ ಪಾಠ. ಸೂರತ್, ವಡೋದರ, ಅಹಮದಾಬಾದ್ ಮುಟ್ಟುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಅತ್ತ ಹುಬ್ಬಳ್ಳಿಯನ್ನೂ ಹಾದುಹೋಗುತ್ತದೆ. ಅವರ ಕಾಲದ ಲಾರಿಗೆ ಸಿಂಕ್ರೋ ಎಲ್ಲಿತ್ತು? ‘ಗೇರ್ ನೂಕಬ್ಯಾಡೋ ತಮ್ಮಾ, ಟೈಮಿಗೆ ಸರಿ ಹಿಡದ್ರ ತಾನಽ ಒಳಗ ಹೋಗತದ’ ಎನ್ನುತ್ತಿದ್ದರು. ಎಕ್ಸ್‌ಲರೇಟರಿನಿಂದ ಕಾಲೆತ್ತಿದರೆ ಹಲ್ಲುಗಳ ಮೇಲಿನ ಬಿಗಿ ಸಡಿಲುತ್ತದೆ, ಲಿವರ್ ಎರಡೇ ಬೆರಳಿಗೆ ನ್ಯೂಟ್ರಲ್‌ಗೆ ಬರುತ್ತದೆ. ಮೇಲಿನ ಗೇರಿಗಾದರೆ ಎಂಜಿನ್ನಿನ ವೇಗ ಇಳಿಯುವ ತನಕ ಕಾಯಬೇಕು: ಮೂರರಲ್ಲಿ 2,500 ಸುತ್ತು ಇದ್ದದ್ದು ನಾಲ್ಕಕ್ಕೆ ಸುಮಾರು 1,800ಕ್ಕೆ ಇಳಿದಿರಬೇಕು. ಕೆಳಗಿನ ಗೇರಿಗೆ ಇದರ ತಿರುಗುಮುರುಗು. ನ್ಯೂಟ್ರಲ್‌ನಲ್ಲೇ ತುಸು ಎಕ್ಸ್‌ಲರೇಟರ್ ಒತ್ತಿ ಏರಿಸಬೇಕು. ವೇಗ ಕೂಡಿದರೆ ಲಿವರ್ ಜಾರುತ್ತದೆ, ಕೂಡದಿದ್ದರೆ ಕರ್ರ್ ಎನ್ನುತ್ತದೆ. ಆಣಂದ್ ಟೋಲಿನಲ್ಲಿ ಮುಂದೆ ಯಾರೂ ಇರಲಿಲ್ಲ. ಎರಡನೇ ಗೇರಿನಲ್ಲಿ ತೆವಳಿದೆ. ಫಾಸ್ಟ್‌ಟ್ಯಾಗ್ ಓದಿ ಗೇಟು ಎದ್ದಿತು. ಮರುದಿನ ಗ್ಯಾರೇಜಿನವನು ಬಗ್ಗಿ ನೋಡಿ ‘ವಾಯರ್ ತೂಟಿ ಗಯೋ ಭಾಯ್’ ಎಂದ, ನನಗೇನೋ ಹೊಸ ಸುದ್ದಿ ಹೇಳುವವನಂತೆ.

ಊರೊಳಗೆ ಈ ಜಾಣತನ ಬೇಡ. ಸೂರತ್ತಿನ ಉಧನಾ ದರ್ವಾಜಾದಂಥ ಕಡೆ ನಿಂತರೆ ಮತ್ತೆ ಹೊರಡುವುದೇ ಪಜೀತಿ. ಹಳೆಯ ಕಾರಾದರೆ ಮೊದಲ ಗೇರಿನಲ್ಲಿಟ್ಟು ಸೆಲ್ಫ್ ಹೊಡೆದಾಗ ಕುಪ್ಪಳಿಸಿಯಾದರೂ ಹೊರಡುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಕ್ಲಚ್ ತುಳಿಯದೆ ಸ್ಟಾರ್ಟರೇ ತಿರುಗದು. ಹಝಾರ್ಡ್ ಲೈಟು ಹಾಕಿ ಬದಿಗೆ ತಳ್ಳಿಸಿ, ಸಾಕು.

ಇನ್ನು ಮುಂದೆ ಎಲ್ಲ ಆಟೊಮ್ಯಾಟಿಕ್ ತಾನೇ ಎನ್ನುವವರಿದ್ದಾರೆ. ಅಹಮದಾಬಾದ್ ಪಕ್ಕದ ಸಾಣಂದ್‌ನಲ್ಲಿ ತಯಾರಾದ ನ್ಯಾನೋಗೇ 2015ರಲ್ಲಿ ತಾನೇ ಗೇರ್ ಬದಲಿಸುವ ಎಎಂಟಿ ಬಂದಿತ್ತು. ಅದರಲ್ಲೂ ಕ್ಲಚ್ ಇತ್ತು, ಪೆಡಲ್ ಇರಲಿಲ್ಲ ಅಷ್ಟೇ. ಆದರೆ ಸೆಕೆಂಡ್‌ಹ್ಯಾಂಡ್ ಕಾರು, ಟೆಂಪೊ, ಡ್ರೈವಿಂಗ್ ಸ್ಕೂಲಿನ ಗಾಡಿಗಳಲ್ಲಿ ಮೂರು ಪೆಡಲೇ ಜಾಸ್ತಿ. ಅವುಗಳಲ್ಲಿ ಕಲಿಯಲು ಕೂರುವವರೋ ಗೇರೇ ಇಲ್ಲದ ಆಕ್ಟಿವಾದಲ್ಲಿ ಬೆಳೆದವರು. ಕ್ಲಚ್ ಏಕಿದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಆರ್‌ಟಿಓ ಟ್ರ್ಯಾಕಿನಲ್ಲಿ ಸೆನ್ಸರುಗಳು ಎಂಟು ಹಾಕಿಸುತ್ತವೆ, ಏರು ಹತ್ತಿಸುತ್ತವೆ. ಪೆಡಲ್ ಸತ್ತರೆ ಏನು ಮಾಡುತ್ತೀರಿ ಎಂದು ಕೇಳುವುದಿಲ್ಲ.

ಪಾಠ ಶುರುಮಾಡುವವರು ಗೇರಿಗಿಂತ ಮೊದಲು ಬ್ರೇಕಿನ ಮಾತು ಹೇಳಬೇಕು. ನನ್ನದು ವೈರಿನ ಕ್ಲಚ್. ಆಯಿಲ್‌ನಿಂದ ನಡೆಯುವ ಕ್ಲಚ್ ಇರುವ ಅನೇಕ ಕಾರುಗಳಲ್ಲಿ ಕ್ಲಚ್‌ಗೂ ಬ್ರೇಕಿಗೂ ಒಂದೇ ಡಬ್ಬಿ. ಅಲ್ಲಿ ಕ್ಲಚ್ ಮೆತ್ತಗಾದರೆ ಆಯಿಲ್ ಸೋರಿರಬಹುದು. ಹಾಗಿದ್ದಾಗ ಮೊದಲು ಬ್ರೇಕ್ ಮುಟ್ಟಿ ನೋಡಿ, ಅದೂ ಮೆತ್ತಗಿದ್ದರೆ ಗೇರಿನ ವಿದ್ಯೆ ಬದಿಗಿಟ್ಟು ಕೂಡಲೇ ರಸ್ತೆ ಬಿಟ್ಟಿಳಿಯಿರಿ.