ಹತ್ತಿರದ ನಿಲ್ದಾಣವೋ, ತಲುಪುವ ಹೊತ್ತೋ?

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಮಲ್ಲೇಶ್ವರದಿಂದ ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಇಳಿದವರ ಕಣ್ಣೆದುರೇ ಬೊಮ್ಮಸಂದ್ರದ ರೈಲು ಹೊರಟುಬಿಟ್ಟರೆ, ಮತ್ತೆ ಅಷ್ಟೂ ಹೊತ್ತು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕಿತ್ತು. ನಗರ ಸಾರಿಗೆಯ ಜೋಡಣೆಯನ್ನು ಅಳೆಯುವಾಗ ಈ ಕಾಯುವಿಕೆಗೆ ಎಷ್ಟು ತೂಕ ಕೊಡಬೇಕು ಎಂಬಲ್ಲಿ ಬಲ್ಲವರಲ್ಲೇ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ.

ಲಂಡನ್ನಿನಲ್ಲಿ 1992ರಲ್ಲಿ ರೂಪುಗೊಂಡ, ಒಂದು ಜಾಗಕ್ಕೆ ಸಾರ್ವಜನಿಕ ಸಾರಿಗೆ ಎಷ್ಟು ಕೈಗೆಟುಕುತ್ತದೆ ಎಂದು ಹೇಳುವ ಪಿಟಿಎಎಲ್ ಎಂಬ ಅಳತೆಯ ರೀತಿ ಸರಳ. ಒಂದು ಜಾಗದಿಂದ 640 ಮೀಟರ್ ಒಳಗಿನ ಬಸ್ ನಿಲ್ದಾಣ, 960 ಮೀಟರ್ ಒಳಗಿನ ರೈಲು ನಿಲ್ದಾಣಗಳನ್ನಷ್ಟೇ ಅದು ಪರಿಗಣಿಸುತ್ತದೆ. ನಡೆಯುವ ಹೊತ್ತು, ಸರಾಸರಿ ಕಾಯುವ ಹೊತ್ತು ಎರಡನ್ನೂ ಹಿಡಿದು 0ಯಿಂದ 6ಬಿವರೆಗೆ ದರ್ಜೆ ಕೊಡುತ್ತದೆ. ಇದರ ಪರವಾದ ವಾದ ಗಟ್ಟಿಯಾದದ್ದೇ. ನಕ್ಷೆ, ವೇಳಾಪಟ್ಟಿ ಕೈಯಲ್ಲಿದ್ದರೆ ಯಾರು ಲೆಕ್ಕ ಹಾಕಿದರೂ ಉತ್ತರ ಒಂದೇ. ತಮ್ಮ ಬಡಾವಣೆಗೆ 2, ಪಕ್ಕದ್ದಕ್ಕೆ 4 ಯಾಕೆ ಎಂದು ಜನ ಅಧಿಕಾರಿಗಳನ್ನು ನೇರವಾಗಿ ಕೇಳಬಹುದು.

ಆದರೆ ಮಲ್ಲೇಶ್ವರದವರ ಆ 25 ನಿಮಿಷ ಈ ಅಳತೆಗೆ ಕಾಣುವುದೇ ಇಲ್ಲ. ಅದು ನೋಡುವುದು ಮನೆ ಬಳಿಯ ನಿಲ್ದಾಣವನ್ನು ಮಾತ್ರ. ಅಲ್ಲಿಂದ ಹೊರಟ ಗಾಡಿ ಎಲ್ಲಿಗೆ ಹೋಗುತ್ತದೆ, ಇಳಿದಲ್ಲಿ ಮುಂದಿನದು ಸಿಗುತ್ತದೆಯೇ ಎಂಬುದು ಅದರ ಲೆಕ್ಕದಾಚೆಗಿನ ಮಾತು. ಮನೆ ಬಾಗಿಲಿನಿಂದ ಕೆಲಸದ ಬಾಗಿಲವರೆಗಿನ ಪೂರ್ತಿ ಹೊತ್ತನ್ನೇ ಅಳೆಯಬೇಕು ಎನ್ನುವವರ ನಿಲುವು, ಬಹುಶಃ, ಪ್ರಯಾಣಿಕರ ಅನುಭವಕ್ಕೆ ಹೆಚ್ಚು ಹತ್ತಿರ.

ಅದಕ್ಕೂ ತೊಡಕಿದೆ: ಯಾರ ಪ್ರಯಾಣ, ಯಾವ ಹೊತ್ತಿನದು? ಪ್ರಯಾಣದ ಕಾರ್ಡುಗಳ ದಾಖಲೆಯನ್ನೇ ನಂಬಿದರೆ ಕಾರ್ಡು ಇಟ್ಟುಕೊಂಡವರು ಮಾತ್ರ ಎಣಿಕೆಗೆ ಬರುತ್ತಾರೆ. 2023ರ ಜೂನ್‌ನಲ್ಲಿ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ಎರಡು ಬಸ್ ಹತ್ತಿ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳನ್ನೇ ನೋಡಿ. ಟಿಕೆಟ್ಟಿನಲ್ಲಿ ಹೆಸರಿಲ್ಲ, ಆ ಎರಡು ಚೀಟಿ ಒಬ್ಬಳದೇ ಪ್ರಯಾಣ ಎಂದು ತಿಳಿಯುವುದು ಕಷ್ಟ. ಜೋಡಣೆ ಯಾರಿಗೆ ಅತ್ಯಗತ್ಯವೋ ಅವರೇ ಲೆಕ್ಕದಿಂದ ಜಾರಿಹೋಗುವುದು ಸಣ್ಣ ಲೋಪವಲ್ಲ.

ಹೀಗಿರುವಾಗ ಇಡೀ ಊರಿಗೆ ಸರಳ ಅಳತೆಯನ್ನೇ ಇಟ್ಟುಕೊಂಡು, ಮೆಜೆಸ್ಟಿಕ್, ಆರ್.ವಿ. ರಸ್ತೆಯಂಥ ಬದಲಿಸುವ ತಾಣಗಳಲ್ಲಿ ಮಾತ್ರ ಗಡಿಯಾರ ಹಿಡಿದು ನಿಲ್ಲುವುದು ಮೇಲೆಂದು ನನಗೆ ತೋರುತ್ತದೆ. ಅದಕ್ಕೆ ಆಳು ಬೇಕು, ಖರ್ಚೂ ಇದೆ. ಆದರೂ ಇಳಿದವರು ಮುಂದಿನ ಗಾಡಿ ಹತ್ತಲು ಎಷ್ಟು ನಿಮಿಷವಾಯಿತು ಎಂಬುದನ್ನು ಬೆಳಗಿನ ದಟ್ಟಣೆಯಲ್ಲಿ ಒಮ್ಮೆ, ರಾತ್ರಿ ಪಾಳಿ ಬಿಡುವ ಹೊತ್ತಿಗೆ ಇನ್ನೊಮ್ಮೆ ಬರೆದಿಡಬೇಕು; ಸರಾಸರಿಯ ಪಕ್ಕದಲ್ಲೇ, ಗಾಡಿ ತಪ್ಪಿದವರು ಕಾದ ಹೊತ್ತನ್ನೂ.