ಕೆಂಪು ಗೆರೆ ಎಳೆಯದ ಒಂದು ತಾಸು

ತಮ್ಮ ತೀರಿಕೊಂಡ ಮೇಲೆ ಅವ್ವ ಮೂರು ತಿಂಗಳು ಹೆಚ್ಚುಕಡಿಮೆ ಮಾತೇ ಬಿಟ್ಟಿದ್ದಳು. ಕರೆದರೆ ಊಟಕ್ಕೆ ಬಂದು ಎರಡು ತುತ್ತು ಉಂಡು ಏಳುವಳು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರುವಳು. ಡಾಕ್ಟರು ಗುಳಿಗೆ ಕೊಟ್ಟರು. ನಿದ್ದೆ ತುಸು ಹತ್ತಿತು, ಮಾತು ಬರಲಿಲ್ಲ. ಒಂದು ದಿನ ಸಾಲಿಯಿಂದ ಬಂದು ನೋಡಿದರೆ ಟ್ರಂಕು ತೆರೆದು ತಮ್ಮನ ಅಂಗಿಗಳನ್ನೆಲ್ಲ ನೆಲಕ್ಕೆ ಹರವಿಕೊಂಡಿದ್ದಾಳೆ, ಕೈಯಲ್ಲಿ ಕತ್ತರಿ. ನನ್ನ ಎದೆ ಧಸಕ್ಕೆಂದಿತು.

"ಏನ್ ಮಾಡಾಕತ್ತೀಬೇ ಅವ್ವಾ?"

"ಕೌದಿ ಹೊಲೀತೀನಿ."

ಹಳೆ ಸೀರೆ ಪದರ ಪದರವಾಗಿ ಹಾಸಿ, ಮೇಲೆ ಅಂಗಿಯ ತುಂಡು ಜೋಡಿಸಿ, ಅಂಚಿನಿಂದ ಒಳಗೆ ಸಾಲುಗಟ್ಟಿ ಹೊಲಿಯುತ್ತ ಹೋದಳು. ಮೊದಲ ವಾರ ಕಾಲರು ಬಿಚ್ಚುವಾಗಲೆಲ್ಲ ಅಳು. ನಿಲ್ಲಿಸಿಬಿಡೋಣವೆಂದು ನಾನೇ ಎರಡು ಸಲ ಸೂಜಿ ಎತ್ತಿಟ್ಟೆ. ಆಮೇಲೆ ಓಣಿಯ ಹೆಂಗಸರು ಮಧ್ಯಾಹ್ನ ಬಂದು ಅಂಚು ಹಿಡಿಯತೊಡಗಿದರು. ಹೊಲಿಯುತ್ತ ಹೊಲಿಯುತ್ತ, ತಲೆ ಎತ್ತದೆ, ಅವ್ವ ಅಂದಳು: "ಈ ಅಂಗಿ ತೊಟ್ಕೊಂಡಾಗನ ಅಂವಾ ಮೊದಲನೇ ಪಗಾರ ತಂದ್ ಕೊಟ್ಟಿದ್ದ." ಅಷ್ಟು ದಿನಗಳಲ್ಲಿ ಅವಳಾಗಿಯೇ ಅವನ ವಿಷಯ ತೆಗೆದದ್ದು ಅದೇ ಮೊದಲು. ಆ ಅಂಗಿಯ ಜೇಬನ್ನು ಮುಚ್ಚಿ ಹೊಲಿಯದೆ ಹಾಗೇ ಬಿಟ್ಟಳು. ಕೌದಿಯ ನಡುವೆ ಈಗಲೂ ಅದು ಇದೆ, ಕೈ ತೂರಿಸಬಹುದು.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರ ಪ್ರಯೋಗದ ಬಗ್ಗೆ ಓದಿದ್ದು ಬಹಳ ವರ್ಷಗಳ ನಂತರ. 1986ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸತತ 4 ದಿನ, ದಿನಕ್ಕೆ 15 ನಿಮಿಷ, ಬದುಕಿನ ಅತ್ಯಂತ ನೋವಿನ ಸಂಗತಿ ಬರೆಯಲು ಹೇಳಿದ್ದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ನಡೆದದ್ದನ್ನೂ ಅದರಿಂದಾದ ಸಂಕಟವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಓದಿದಾಗ ನಾನು ಸೂಜಿ ಎತ್ತಿಟ್ಟ ಆ ಎರಡು ಸಂಜೆ ನೆನಪಾದವು.

ಅವ್ವನ ಹೊಲಿಗೆ ಸೊಟ್ಟಗಿತ್ತು. ಯಾರೂ ಅದಕ್ಕೆ ಅಂಕ ಕೊಡಲಿಲ್ಲ. ಕೊಟ್ಟಿದ್ದರೆ ಅವಳು ಮುಂದಿನ ಸಾಲಿಗೆ ಸೂಜಿ ಚುಚ್ಚುತ್ತಿರಲಿಲ್ಲ. ಇದನ್ನು ಖಚಿತವಾಗಿ ಹೇಳುತ್ತೇನೆ, ಯಾಕೆಂದರೆ ಸಾಲಿಯಲ್ಲಿ ಕಲಿಸುವಾಗ ಇನ್ನೊಬ್ಬಳ ನೋವಿಗೆ ಅಂಕ ಕೊಟ್ಟವಳು ನಾನು. ಏಳನೇ ತರಗತಿಯ ಒಬ್ಬ ಹುಡುಗಿ 'ನನ್ನ ತಂದೆ' ಎಂಬ ಪ್ರಬಂಧದಲ್ಲಿ, ಕುಡಿದು ಬರುವ ಅಪ್ಪ ಬಾಗಿಲು ಬಡಿಯುವ ಸದ್ದಿನ ಬಗ್ಗೆ ಎರಡು ಪುಟ ಬರೆದಿದ್ದಳು. ನಾನು ಅಲ್ಪಪ್ರಾಣ ಮಹಾಪ್ರಾಣ ತಿದ್ದಿ, ಕೆಂಪು ಗೆರೆ ಎಳೆದು, ಹತ್ತಕ್ಕೆ ಆರು ಹಾಕಿದೆ. ವರ್ಷದುದ್ದಕ್ಕೂ ಅವಳು ಮತ್ತೆ ಬರೆದದ್ದೆಲ್ಲ ಗೈಡಿನ ವಾಕ್ಯ. ಅವಳಿಗೆ ಬಾಗಿಲು ತೆರೆದಿತ್ತು, ಮುಚ್ಚಿದವಳು ನಾನು. ಇಪ್ಪತ್ತು ವರ್ಷಗಳ ನಂತರವೂ ಆ ನೋವು ಹೋಗಿಲ್ಲ.

ಈಗ ಪ್ರತಿ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ಇಡುವುದನ್ನು ಕಂಡಾಗ ಸಂಕಟವಾಗುತ್ತದೆ. ಮೊದಲ ಬಹುಮಾನ, ಎರಡನೇ ಬಹುಮಾನ, ಸಮಾಧಾನಕರ ಬಹುಮಾನ. ತನ್ನ ಭಯವನ್ನು ಕಪ್ಪು ಬಣ್ಣದಲ್ಲಿ ಗೀಚಿದ ಮಗು ಸೋತು ಮನೆಗೆ ಹೋಗುತ್ತದೆ. ನಮ್ಮ ಅಜ್ಜಿಯರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ತವರನ್ನು, ಅತ್ತೆಯನ್ನು, ಸತ್ತ ಕೂಸನ್ನು ಹಾಡಿಕೊಂಡಾಗ ಎದುರಿಗಿದ್ದದ್ದು ಕಲ್ಲು ಮಾತ್ರ. ಹಿಟ್ಟಿನ ಗಿರಣಿ ಬಂತು, ರಟ್ಟೆ ನೋವು ಹೋಯಿತು, ಒಳ್ಳೆಯದೇ ಆಯಿತು. ಆದರೆ ಆ ಒಂದು ತಾಸಿನ ಜಾಗಕ್ಕೆ ನಾವು ಬೇರೇನನ್ನೂ ತಂದುಕೊಳ್ಳಲಿಲ್ಲ.

ಹಾಗಂತ ಕೌದಿ ಹೊಲಿದರೆ ಗುಳಿಗೆ ಬೇಡ ಎಂದು ಯಾರೂ ತಿಳಿಯಬಾರದು. ಅವ್ವ ಎರಡನ್ನೂ ಬಿಡಲಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಡಾಕ್ಟರನ್ನು ಕಾಣಲೇಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಧಾರವಾಡದಲ್ಲಂತೂ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ನಾನು ಕೇಳುವುದು ಇನ್ನೊಂದು ಸಣ್ಣ ಸಂಗತಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಾರಕ್ಕೊಂದು ಸಂಜೆ, ಒಂದು ತಾಸು, ಅಲ್ಲಿ ಒಂದು ಚಾಪೆ ಹಾಸಲಿ. ಹಾಳೆ, ಬಣ್ಣ, ಸೂಜಿದಾರ ಇರಲಿ. ಬರೆಯುವವರು ಬರೆಯಲಿ, ಹಾಡುವವರು ಹಾಡಲಿ, ಸುಮ್ಮನೆ ಕೂರುವವರು ಕೂರಲಿ. ವೇದಿಕೆ ಬೇಡ, ಪ್ರದರ್ಶನ ಬೇಡ, ಮೊಬೈಲಿನಲ್ಲಿ ಫೋಟೊ ಹಿಡಿಯುವುದಂತೂ ಬೇಡವೇ ಬೇಡ. ಬರೆದದ್ದನ್ನು ಹರಿದು ಹಾಕಿ ಹೋಗುವ ಹಕ್ಕೂ ಇರಲಿ.

ನಮ್ಮೂರಿನ ಗ್ರಂಥಪಾಲಕಿಯನ್ನು ಹೋದ ವಾರ ಕೇಳಿದೆ. "ಗುರುವಾರ ಸಂಜಿಗೆ ಬರ್ರಿ ಅಕ್ಕಾರ, ಕೀಲಿ ನನ್ ಹತ್ರನ ಇರ್ತದ," ಅಂದರು. ಹಳೆ ಸೀರೆಗಳನ್ನು ಒಗೆದು ಒಣಹಾಕಿದ್ದೇನೆ.