ಹಡಗು ಹತ್ತುವವರು ನಾವು, ಕಾಗದ ಯಾರ ಕೈಯಲ್ಲಿ?

ನಮ್ಮ ಊರಿನ ಹೆಂಗಸರು ಈಗ ಹಡಗು ಹತ್ತುತ್ತಿದ್ದಾರೆ. ಬಾಣಂತನಕ್ಕೆಂದೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೆಂದೋ ಅಮೆರಿಕಕ್ಕೆ ಹೋದವರನ್ನು ಮಕ್ಕಳು ಒಂದು ವಾರದ ಮಟ್ಟಿಗೆ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಇತ್ತೀಚಿನ ವಾಡಿಕೆ. ಸಿಯಾಟಲ್‌ನಲ್ಲಿ ಮಗನೋ ಮಗಳೋ ಇದ್ದರಂತೂ ಅಲಾಸ್ಕಾ ಯಾತ್ರೆ ನಮ್ಮ ಧರ್ಮಸ್ಥಳ-ಸುಬ್ರಹ್ಮಣ್ಯದಷ್ಟೇ ಖಾಯಂ. ಹೋಗಿ ಬಂದವರು ಹಿಮದ ಗುಡ್ಡದ ಮುಂದೆ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ನಿಂತ ಫೋಟೋ ತೋರಿಸುತ್ತಾರೆ. ನೋಡಿ ನನಗೂ ಸಂತೋಷವಾಗುತ್ತದೆ. ಆದರೆ ಸುಮ್ಮನಿರಲಾರದ ಸ್ವಭಾವ ನನ್ನದು. ಟಿಕೆಟ್ಟಿಗೆ ಎಷ್ಟಾಯಿತು, ಕೋಣೆ ಯಾವ ಮಹಡಿಯಲ್ಲಿತ್ತು, ವೀಸಾ ಯಾವುದು ಬೇಕಾಯಿತು ಎಂದು ಕೇಳುತ್ತೇನೆ. ಬರುವ ಉತ್ತರ ಒಂದೇ: "ಅಯ್ಯೋ, ಅದೆಲ್ಲ ನಂಗೇನ್ ಗೊತ್ತು? ಎಲ್ಲ ಅವನೇ ನೋಡ್ಕೊಂಡ."

"ಎಲ್ಲ ಅವನೇ ನೋಡ್ಕೊಂಡ." ನನ್ನ ಜಗಳ ಇರುವುದು ಈ ಮಾತಿನ ಜೊತೆ.

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು ನಾನು. ಗಾಜಿನ ಆಚೆ ನಿಂತ ಹೆಂಗಸರಲ್ಲಿ ಎಷ್ಟೋ ಜನ ಫಾರಂ ಓದುತ್ತಲೇ ಇರಲಿಲ್ಲ. "ಎಲ್ಲಿ ಸೈನ್ ಹಾಕ್ಬೇಕು ಹೇಳಿ ಮೇಡಂ" ಎಂದು ಪೆನ್ನು ಹಿಡಿದು ನಿಲ್ಲುತ್ತಿದ್ದರು. ಪಕ್ಕದಲ್ಲಿ ಗಂಡನೋ ಮಗನೋ ಬೆರಳಿಟ್ಟು ಜಾಗ ತೋರಿಸುತ್ತಿದ್ದ. ಠೇವಣಿ ಅವಳದು, ಹೆಸರು ಅವಳದು, ಎಷ್ಟು ವರ್ಷಕ್ಕೆ ಇಟ್ಟದ್ದು ಎಂಬುದು ಮಾತ್ರ ಅವಳಿಗೆ ತಿಳಿಯದು. ಈಗ ಹಡಗಿನ ಟಿಕೆಟ್ಟಿನಲ್ಲೂ ಅದೇ ಕಥೆ. ಸಮುದ್ರ ದಾಟಿದೆವು, ಆ ಕೌಂಟರನ್ನು ಮಾತ್ರ ದಾಟಲಿಲ್ಲ.

ಮಕ್ಕಳು ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪ್ರೀತಿಗೆ ಎಲ್ಲ ವಿವರ ಗೊತ್ತಿರುವುದಿಲ್ಲ. ನನ್ನ ಪರಿಚಯದ ಒಬ್ಬ ತಾಯಿಗೆ ಆದದ್ದನ್ನೇ ಹೇಳುತ್ತೇನೆ. ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ನೋಡಿಕೊಂಡು ಸಿಯಾಟಲ್‌ಗೇ ಮರಳುವ ಹಡಗು. ಪೆಟ್ಟಿಗೆಗಳನ್ನೆಲ್ಲ ಹಡಗಿನವರಿಗೆ ಒಪ್ಪಿಸಿಯಾಗಿತ್ತು. ಕಾಗದ ನೋಡುವ ಹುಡುಗಿ ಕೇಳಿದಳು, "ಇವರ ಕೆನಡಾ ವೀಸಾ ಎಲ್ಲಿ?" ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಅಮೆರಿಕದ ಊರಿಂದ ಅಮೆರಿಕದ ಊರಿಗೆ ಹೋಗುವುದಕ್ಕೆ ಕೆನಡಾ ಎಲ್ಲಿಂದ ಬಂತು?

ಬಂದದ್ದು 1886ರ ಒಂದು ಅಮೆರಿಕನ್ ಕಾನೂನಿನಿಂದ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸುತ್ತಿಸಿ ತರುವಂತಿಲ್ಲ, ನಡುವೆ ಪರದೇಶದ ಒಂದು ಬಂದರನ್ನಾದರೂ ಮುಟ್ಟಬೇಕು. ಈ ದೊಡ್ಡ ಹಡಗುಗಳು ಬಹುಪಾಲು ಬಹಾಮಾಸ್, ಪನಾಮಾ ಮುಂತಾದ ಕಡೆ ನೋಂದಣಿಯಾದವು. ಆದ್ದರಿಂದ ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರುತ್ತವೆ. ಅಷ್ಟಕ್ಕೂ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ಮಗನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ಅವನಿಗೆ ಬೇಡ. ಸೊಸೆ ಅಲ್ಲಿಯ ಪ್ರಜೆ, ಮಗು ಅಲ್ಲೇ ಹುಟ್ಟಿದ್ದು, ಅವರಿಗೂ ಬೇಡ. ಬೇಕಾದದ್ದು ಆ ತಾಯಿಯೊಬ್ಬರಿಗೆ. ಅವರ ಕಾಗದವನ್ನು ಅವರ ಕಣ್ಣಿನಿಂದ ನೋಡಿದವರು ಯಾರೂ ಇರಲಿಲ್ಲ.

ಹಡಗು ಹೋಯಿತು. ಕಾಗದ ಸರಿಯಿಲ್ಲದೆ ಹಿಂದೆ ಉಳಿದವರಿಗೆ ಹಡಗಿನ ಕಂಪನಿಗಳು ಸಾಮಾನ್ಯವಾಗಿ ಹಣ ವಾಪಸು ಕೊಡುವುದಿಲ್ಲ, ಇವರಿಗೂ ಕೊಡಲಿಲ್ಲ. ನನ್ನನ್ನು ಕಾಡುವುದು ದುಡ್ಡಿನ ಮಾತಲ್ಲ. ಆ ತಾಯಿ ಇಂದಿಗೂ "ನನ್ನಿಂದಾಗಿ ಮಕ್ಕಳ ರಜೆ ಹಾಳಾಯ್ತು" ಎನ್ನುತ್ತಾರೆ! ಯಾರೂ ಅವರನ್ನು ಕೇಳಲಿಲ್ಲ, ಯಾರೂ ಅವರಿಗೆ ಹೇಳಲಿಲ್ಲ. ತಪ್ಪು ಮಾತ್ರ ಅವರ ಪಾಲಿಗೆ. ಅಧಿಕಾರ ಇಲ್ಲದ ಕಡೆಯೂ ಅಪರಾಧ ನಮ್ಮದೇ ಆಗುವ ಈ ಲೆಕ್ಕ ಯಾವ ಬ್ಯಾಂಕಿನದು, ಹೇಳಿ?

ಆದ್ದರಿಂದ ಮೊದಲ ಮಾತು. ಹಡಗು ಮುಟ್ಟುವ ಬಂದರುಗಳ ಪಟ್ಟಿ ಕೇಳಿ ತೆಗೆದುಕೊಳ್ಳಿ. ಒಂದೊಂದು ದೇಶದ ಎದುರಿಗೂ "ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ?" ಎಂದು ಬರೆದು ಉತ್ತರ ಹುಡುಕಿಸಿ. ದುಡ್ಡು ಕಟ್ಟುವುದು ಅದಾದ ಮೇಲೆ. ವೀಸಾಕ್ಕೆ ತಿಂಗಳುಗಳೇ ಹಿಡಿಯಬಹುದು. ಅಮೆರಿಕದ ವೀಸಾವೂ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದಾಗಿರಬೇಕು, ಏಕೆಂದರೆ ಹಡಗು ಹತ್ತಿ ಹೊರಗೆ ಹೋದವರು ಮತ್ತೆ ಒಳಗೆ ಬರಬೇಕಲ್ಲ!

ಎರಡನೆಯದು ಹೆಸರಿನ ತಾಪತ್ರಯ. ನಮ್ಮ ಹೆಸರಿನಷ್ಟು ಗೋಜಲು ಬೇರೆಲ್ಲೂ ಇರಲಾರದು. ಶಾಲೆಯಲ್ಲಿ ಅಪ್ಪನ ಇನಿಷಿಯಲ್, ಮದುವೆಯಾದ ಮೇಲೆ ಗಂಡನ ಹೆಸರು, ರೇಷನ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಸ್ವಂತ ಹೆಸರು ಮನೆತನದ ಜಾಗಕ್ಕೆ ಹಾರಿ, ಅದರ ಜಾಗದಲ್ಲಿ 'ಹೆಸರು ತಿಳಿಯದು' ಎಂಬರ್ಥದ ಮೂರಕ್ಷರ ಕೂರುತ್ತವೆ. ಮಗನೋ ಅಳಿಯನೋ ಬುಕ್ ಮಾಡುವಾಗ ಕೈಗೆ ಬಂದಂತೆ ಬರೆದುಬಿಡುತ್ತಾರೆ, ಅಥವಾ ಮನೆಯಲ್ಲಿ ಕರೆಯುವ ಹೆಸರನ್ನೇ ಹಾಕುತ್ತಾರೆ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇರಲೇಬೇಕೆಂಬ ಕಟ್ಟಳೆಯೂ ಈಗಿಲ್ಲ. ಮದುವೆಯ ಸರ್ಟಿಫಿಕೇಟು ಬೇಡ, ಬೇರೆಯಾದ ಹೆಂಗಸು ಗಂಡನ ಹೆಸರು ಕೊಡಬೇಕಾಗಿಲ್ಲ ಎಂದು ಸರ್ಕಾರವೇ 2016ರ ಡಿಸೆಂಬರಿನಲ್ಲಿ ಹೇಳಿತು. ನಿಮ್ಮ ಹೆಸರು ನಿಮಗೇ ತಾನೇ ಚೆನ್ನಾಗಿ ಗೊತ್ತು? ಮತ್ತೆ ಅದನ್ನು ಬರೆಯುವ ಕೆಲಸ ಬೇರೆಯವರಿಗೇಕೆ?

ಕೋಣೆಯ ಮಾತಿಗೆ ಬರೋಣ. ಕಿಟಕಿಯಿಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಆಮೇಲೆ ಕಿಟಕಿಯದು, ಅದರ ಮೇಲೆ ಬಾಲ್ಕನಿಯದು. ಎಷ್ಟೋ ಮನೆಯವರು ತಮಗೆ ಬಾಲ್ಕನಿ ತೆಗೆದುಕೊಂಡು "ಅಮ್ಮನಿಗೆ ಮಲಗೋದಕ್ಕೆ ತಾನೇ" ಎಂದು ಒಳಕೋಣೆ ಹಾಕಿಸುತ್ತಾರೆ. ಬೆಳಕು ಬಾರದ ಅಡುಗೆಮನೆಯಲ್ಲಿ ನಲವತ್ತು ವರ್ಷ ಕಳೆದವಳಿಗೆ ಸಮುದ್ರದ ಮೇಲೂ ಕಿಟಕಿ ಬೇಡವೇ? ದುಡ್ಡು ಸಾಲದಿದ್ದರೆ ಒಳಕೋಣೆಯೇ ಆಗಲಿ, ಆದರೆ ಕೇಳಿ ಮಾಡಲಿ. ವಾಂತಿ, ತಲೆಸುತ್ತು ಬರುವವರು ಹಡಗಿನ ನಡುಭಾಗದ, ಕೆಳಗಿನ ಮಹಡಿಯ ಕೋಣೆ ಕೇಳಬೇಕು. ಅಲ್ಲಿ ತೊನೆದಾಟ ಕಡಿಮೆ. ಮಂಡಿನೋವಿದ್ದರೆ ಲಿಫ್ಟಿಗೆ ಹತ್ತಿರದ್ದು. 'ಕೋಣೆ ನಾವೇ ಆರಿಸಿ ಕೊಡುತ್ತೇವೆ' ಎಂಬ ಅಗ್ಗದ ಟಿಕೆಟ್ ತೆಗೆದುಕೊಂಡರೆ ಇದ್ಯಾವುದೂ ನಡೆಯದು. ನಿಮ್ಮ ಮಂಡಿಯ ವಿಚಾರ ನಿಮ್ಮ ಮಗನಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆಯೇ?

ವಿಮೆಯೂ ಹಾಗೆಯೇ. ಹಡಗಿನಲ್ಲಿ ವೈದ್ಯರಿರುತ್ತಾರೆ, ಫೀಸು ಬೇರೆ, ಅದೂ ಡಾಲರಿನಲ್ಲಿ. ಬಿ.ಪಿ., ಸಕ್ಕರೆ ಇರುವುದನ್ನು ಮುಚ್ಚಿಟ್ಟು ಮಾಡಿಸಿದ ವಿಮೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಜೊತೆಯಲ್ಲಿ ಬಸುರಿ ಮಗಳಿದ್ದರೆ ಇದೂ ನೆನಪಿರಲಿ: 24ನೇ ವಾರ ಹಿಡಿದವರನ್ನು ಹೆಚ್ಚಿನ ಕಂಪನಿಗಳು ಹಡಗು ಹತ್ತಿಸಿಕೊಳ್ಳುವುದಿಲ್ಲ. ಅದನ್ನು ಲೆಕ್ಕ ಹಾಕಬೇಕಾದ್ದು ಹೊರಡುವ ದಿನಕ್ಕಲ್ಲ, ಮರಳುವ ದಿನಕ್ಕೆ.

ಇನ್ನು ನಮ್ಮ ರೈಸ್ ಕುಕ್ಕರ್! ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಕುಕ್ಕರ್ ಯಾವುದನ್ನೂ ಹಡಗಿನಲ್ಲಿ ಬಿಡುವುದಿಲ್ಲ. ನಡುಸಮುದ್ರದಲ್ಲಿ ಬೆಂಕಿ ಎಂದರೆ ಅವರಿಗೆ ಅಷ್ಟು ಭಯ. ಮನೆಯಲ್ಲಿ ಮಾಡಿದ ಚಕ್ಕುಲಿಯನ್ನೂ ಹೆಚ್ಚಿನವರು ಒಪ್ಪರು, ಸೀಲು ಮಾಡಿದ ಪೊಟ್ಟಣವನ್ನು ಸಾಮಾನ್ಯವಾಗಿ ಬಿಡುತ್ತಾರೆ. ಶುದ್ಧ ಸಸ್ಯಾಹಾರ ಬೇಕೆಂದು ಟಿಕೆಟ್ ತೆಗೆಯುವಾಗಲೇ ಬರೆಸಿದರೆ ಅನ್ನ-ಬೇಳೆಗೇನೂ ತೊಂದರೆಯಿಲ್ಲ. ಬರೆಸದೆ ಹೋಗಿ ಏಳು ದಿನ ಬ್ರೆಡ್ಡು, ಬಾಳೆಹಣ್ಣು ತಿಂದು "ಮಕ್ಕಳಿಗೆ ಯಾಕೆ ತೊಂದರೆ" ಎಂದು ಬಾಯಿ ಮುಚ್ಚಿಕೊಳ್ಳುವವರೂ ನಾವೇ. ಪೆಟ್ಟಿಗೆ ಬಂದರಿನಲ್ಲೇ ಕೊಡಬೇಕು, ಅದು ಕೋಣೆ ತಲುಪುವಾಗ ಸಂಜೆಯಾದೀತು. ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ನಿಮ್ಮ ಕೈಚೀಲದಲ್ಲಿರಲಿ. ನಿಮ್ಮದರಲ್ಲಿ, ಸೊಸೆಯದರಲ್ಲಲ್ಲ. ಹಡಗು ಕಾಯುವುದಿಲ್ಲ. ಹೊರಡುವ ಒಂದು ಗಂಟೆ ಮೊದಲೇ ಪ್ರಯಾಣಿಕರ ಪಟ್ಟಿ ಸರ್ಕಾರಕ್ಕೆ ಹೋಗಬೇಕಾದ್ದರಿಂದ ಬಾಗಿಲು ಅದಕ್ಕೂ ಮುಂಚೆ ಮುಚ್ಚುತ್ತದೆ.

ಈಗ ನನ್ನನ್ನು ಸುಟ್ಟ ವಿಷಯ. ನನ್ನ ಯಜಮಾನರು ಹೋಗಿ ಏಳು ವರ್ಷವಾದ ಮೇಲೆ ಒಬ್ಬಳೇ ಹೋಗಿ ಬರೋಣವೆಂದು ಒಂದು ಏಜೆನ್ಸಿಯಲ್ಲಿ ವಿಚಾರಿಸಿದೆ. ಕಾಗದದ ಮೇಲೆ 'ತಲೆಗೆ ಇಷ್ಟು' ಎಂದಿತ್ತು. ಅಲ್ಲಿದ್ದ ಹುಡುಗ ನಯವಾಗಿ ಹೇಳಿದ, "ಆಂಟಿ, ಅದು ಇಬ್ಬರು ಇದ್ದರೆ. ನೀವೊಬ್ಬರೇ ಆದರೆ ಎರಡು ಜನದ್ದು ಕಟ್ಟಬೇಕು." ಕೋಣೆಗೆ ಇಬ್ಬರೆಂದೇ ಲೆಕ್ಕ ಹಾಕುವುದು ಈ ವ್ಯಾಪಾರದ ಪದ್ಧತಿ. ಅಂದರೆ ವಿಧವೆ ತೀರಿಕೊಂಡ ಗಂಡನಿಗೂ ಟಿಕೆಟ್ ತೆಗೆಯಬೇಕು, ಮದುವೆಯಾಗದವಳು ಇಲ್ಲದ ಗಂಡನಿಗೆ! ಅರಿಸಿನ-ಕುಂಕುಮಕ್ಕೆ ಕರೆಯದ ನಮ್ಮ ಸಮಾಜವೂ ಇಷ್ಟು ದಂಡ ಹಾಕಿರಲಿಲ್ಲ. ಕೇಳಿ ಸುಮ್ಮನೆ ಬರಲಿಲ್ಲ ನಾನು. ಹುಡುಕಿದೆ. 2010ರಲ್ಲಿ ಓಡಾಟ ಶುರು ಮಾಡಿದ ನಾರ್ವೇಜಿಯನ್ ಎಪಿಕ್ ಎಂಬ ಹಡಗಿನಲ್ಲಿ ಒಬ್ಬರಿಗೆಂದೇ 128 ಕೋಣೆ ಮಾಡಿದ್ದರು. ಆಮೇಲೆ ಬೇರೆ ಕೆಲವು ಹಡಗುಗಳಲ್ಲೂ ಅಂಥವು ಬಂದಿವೆ. ಕೆಲವೊಮ್ಮೆ ಈ ಹೆಚ್ಚಿನ ದರವನ್ನು ಇಳಿಸುವುದೂ ಉಂಟು. ಕೊನೆಗೆ ನಾನೂ ನನ್ನ ಹಳೆಯ ಸಹೋದ್ಯೋಗಿ ಗೆಳತಿಯೂ ಒಂದು ಕೋಣೆ ಹಂಚಿಕೊಂಡು ಹೋದೆವು. ಅವಳೂ ಗಂಡನನ್ನು ಕಳೆದುಕೊಂಡವಳೇ. ಟಿಕೆಟ್ ನಾವೇ ತೆಗೆದೆವು, ನಮ್ಮ ಹೆಸರಿನಲ್ಲಿ, ನಮ್ಮ ಪಿಂಚಣಿಯಲ್ಲಿ.

ಆಗಲೇ ನೋಡಿದ್ದು, ಹಡಗಿನಲ್ಲಿ ನಮ್ಮ ಹಾಜರಿಯನ್ನು ಬೇರೆಯವರು ಹಾಕಲಾಗದ ಒಂದು ಜಾಗವಿದೆ ಎಂದು. ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ಕೋಣೆಯ ಕೀ-ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಹಡಗು ಹೊರಡುವ ಮೊದಲು ಪ್ರತಿಯೊಬ್ಬರೂ ಸ್ವತಃ ಅಲ್ಲಿಗೆ ಹೋಗಿ ಕಾರ್ಡು ತೋರಿಸಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾನ್‌ಕಾರ್ಡಿಯಾ ಬಂಡೆಗೆ ತಾಗಿ ವಾಲಿದಾಗ 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿಸಿದರೆ ಸಾಕೆಂಬುದು ಆಗಿನ ನಿಯಮ. 2015ರ ಜನವರಿಯಿಂದ ಅದು ಬದಲಾಗಿ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕೆಂದಾಯಿತು. "ನೀವೆಲ್ಲ ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ" ಎನ್ನುವ ನಮ್ಮ ಮಾತು ಅಲ್ಲಿ ನಡೆಯದು, ನಡೆಯಲೂ ಬಾರದು. ಕೋಣೆಯ ಬಾಗಿಲಲ್ಲಿ ಹೊರಗೆ ನೋಡುವ ಪುಟ್ಟ ಕಿಂಡಿಯೂ ಸುಮ್ಮನೆ ಬಂದದ್ದಲ್ಲ. ಹಡಗಿನಲ್ಲಿ ಅನ್ಯಾಯಕ್ಕೊಳಗಾದವರು, ಅವರ ಮನೆಯವರು ಬಿಡದೆ ಪ್ರಶ್ನೆ ಕೇಳಿದ್ದರಿಂದ ಅಮೆರಿಕ 2010ರಲ್ಲಿ ಅದನ್ನು ಕಾನೂನಾಗಿಸಿತು.

"ನಮಗೆ ಇಂಗ್ಲಿಷ್ ಬರಲ್ಲ, ಕಂಪ್ಯೂಟರ್ ತಿಳಿಯಲ್ಲ" ಎನ್ನುತ್ತೀರಿ. ಗ್ಯಾಸಿನ ಪುಸ್ತಕ, ಚೀಟಿ ಲೆಕ್ಕ, ಮಕ್ಕಳ ಕಾಲೇಜಿನ ಅರ್ಜಿ, ಅತ್ತೆಯ ಆಸ್ಪತ್ರೆ ಬಿಲ್ಲು, ಇವೆಲ್ಲ ಯಾವ ಭಾಷೆಯಲ್ಲಿದ್ದವು? ತಿಳಿದುಕೊಂಡೇ ಮಾಡಿದಿರಲ್ಲ. 1883ರಲ್ಲಿ ಹದಿನೆಂಟು ತುಂಬಿದ ಆನಂದಿಬಾಯಿ ಜೋಶಿ ಕಲ್ಕತ್ತೆಯಿಂದ ಹಡಗು ಹತ್ತಿದರು. ಗಂಡ ಜೊತೆಗಿರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಜನ ಬೈಯುತ್ತಿದ್ದ ಕಾಲ. ತಾನು ಯಾಕೆ ಹೋಗುತ್ತಿದ್ದೇನೆಂದು ಅವರು ಶ್ರೀರಾಂಪುರದ ಸಭೆಯಲ್ಲಿ ನಿಂತು ತಾವೇ ಹೇಳಿ ಹೊರಟರು, 1886ರಲ್ಲಿ ವೈದ್ಯೆಯಾದರು. ನಮ್ಮನ್ನು ಈಗ ಯಾರೂ ಬೈಯುವುದಿಲ್ಲ, ಅಕ್ಕರೆಯಿಂದ ಕೈಹಿಡಿದು ಕರೆದೊಯ್ಯುತ್ತಾರೆ. ಈ ಅಕ್ಕರೆಗೆ ಎದುರಾಡುವುದೇ ಹೆಚ್ಚು ಕಷ್ಟ.

ಮಗನ ಕೈಯಿಂದ ಕೀಲಿಮಣೆ ಕಿತ್ತುಕೊಳ್ಳಿ ಎಂದೇನೂ ನಾನು ಹೇಳುತ್ತಿಲ್ಲ. ಅವನು ಒತ್ತಲಿ, ನೀವು ಪಕ್ಕದಲ್ಲಿ ಕೂತು ಓದಿಸಿಕೊಳ್ಳಿ. ಮುಂದಿನ ಸಲ ಫೋನಿನಲ್ಲಿ "ಅಮ್ಮಾ, ಜುಲೈಗೆ ಕ್ರೂಸ್ ಬುಕ್ ಮಾಡ್ತಿದೀನಿ" ಎಂದಾಗ "ನಿನ್ನಿಷ್ಟ ಕಣೋ" ಎನ್ನಬೇಡಿ. ಯಾವ ಯಾವ ದೇಶ ಮುಟ್ಟುತ್ತದೆ, ನನ್ನ ಹೆಸರು ಹೇಗೆ ಬರೆದಿದ್ದೀಯ, ನನ್ನ ಕೋಣೆ ಎಲ್ಲಿ, ಒಟ್ಟು ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸು ಎಂದು ಕೇಳಿ. "ನಿಂಗ್ಯಾಕಮ್ಮಾ ಅದೆಲ್ಲ?" ಎಂದು ನಕ್ಕಾನು. ನಗಲಿ. ಟಿಕೆಟ್ಟಿನ ಒಂದು ಪ್ರತಿ ಕಳಿಸೆಂದು ಹೇಳಿ, ಅದು ಬರುವ ತನಕ ಫೋನ್ ಇಡಬೇಡಿ.